‘ಇಂಗಾಲ ಋಣಾತ್ಮಕ’ ಅಂದರೆ ಸಾಲ ಯಾರದ್ದು?

ಗೆಳೆಯರೇ,

ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೈಕ್ರೋಸಾಫ್ಟ್ ಕಂಪನಿಯ ಹವಾಮಾನ ಗುರಿಗಳ ಬಗೆಗಿನ ಬರಹ ಅದು. ‘ಕಾರ್ಬನ್ ನೆಗೆಟಿವ್’ ಬಂದಲ್ಲೆಲ್ಲ ‘ಇಂಗಾಲ ಋಣಾತ್ಮಕ’ ಎಂದು ಬರೆದುಕೊಂಡು ಹೋದೆ. ಕರಡನ್ನು ಅಪ್ಪನ ಕೈಗೆ ಕೊಟ್ಟೆ. ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು. ಆ ಸಾಲಿಗೆ ಬಂದವರೇ ಕನ್ನಡಕ ತೆಗೆದು ಕೇಳಿದರು: “ಏನೋ ಇದು, 2030ಕ್ಕೆ ಕಂಪನಿ ಸಾಲಕ್ಕೆ ಬೀಳುತ್ತಂತಾ?”

ನಗು ಬಂತು. ಆದರೆ ತಪ್ಪು ಅವರದ್ದಲ್ಲ, ಅಲ್ವಾ?

2020ರ ಜನವರಿಯಲ್ಲಿ ಆ ಕಂಪನಿ ಎರಡು ಮಾತು ಕೊಟ್ಟಿತು. 2030ರ ಹೊತ್ತಿಗೆ, ತಾನು ಗಾಳಿಗೆ ಬಿಡುವುದಕ್ಕಿಂತ ಜಾಸ್ತಿ ಇಂಗಾಲವನ್ನು ಗಾಳಿಯಿಂದ ತೆಗೆಯುತ್ತೇನೆ ಎಂಬುದು ಒಂದು; ‘ಕಾರ್ಬನ್ ನೆಗೆಟಿವ್’ ಅಂದರೆ ಇದೇ. 1975ರಲ್ಲಿ ಹುಟ್ಟಿದಾಗಿನಿಂದ ನೇರವಾಗಿಯೂ ಕರೆಂಟು ಬಳಸಿಯೂ ಬಿಟ್ಟಿದ್ದನ್ನೆಲ್ಲ 2050ರೊಳಗೆ ತೆಗೆಯುತ್ತೇನೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಅಪ್ಪನ ಅಂಗಡಿಯಲ್ಲಿ ‘ಹಳೇ ಬಾಕಿ ಚುಕ್ತಾ’ ಅನ್ನುತ್ತಿದ್ದರು. ಬಾಕಿ ತೀರಿಸಲು ಹೊರಟವನಿಗೆ ನಾವು ‘ಋಣಾತ್ಮಕ’ ಎಂದು ಹೆಸರಿಟ್ಟಿದ್ದೇವೆ.

ಗಣಿತದ ‘ಋಣ’ದ ಮೇಲೆ ನನ್ನ ತಕರಾರಿಲ್ಲ. 628ರಲ್ಲೇ ಬ್ರಹ್ಮಗುಪ್ತ ಧನ, ಋಣ ಎಂದು ಬೇರೆ ಮಾಡಿ ಕೂಡುವ ಕಳೆಯುವ ನಿಯಮ ಹೇಳಿದ್ದ. ಕೈಲಿರುವುದು ಧನ, ಕೊಡಬೇಕಾದ್ದು ಋಣ. ಇಂಗಾಲದ ಲೆಕ್ಕದಲ್ಲಿ ಇದು ತಿರುಗುಮುರುಗಾಗುತ್ತದೆ. ಇಲ್ಲಿ ಹೊಗೆಯೇ ಸಾಲ. ಅದು ಸೊನ್ನೆಗಿಂತ ಕೆಳಗಿಳಿದರೆ ಒಳ್ಳೆಯದು. ಕೊರೊನಾ ಕಾಲದಲ್ಲಿ ‘ನೆಗೆಟಿವ್ ಬಂತು’ ಅಂದರೆ ಮನೆಮಂದಿಗೆಲ್ಲ ಖುಷಿ. ಪುಣ್ಯಕ್ಕೆ ಆಗ ಯಾರೂ ‘ಋಣಾತ್ಮಕ ಬಂತು’ ಅನ್ನಲಿಲ್ಲ.

‘ಕಾರ್ಬನ್ ನ್ಯೂಟ್ರಲ್’, ಅಂದರೆ ಬಿಟ್ಟಷ್ಟನ್ನು ಸರಿದೂಗಿಸುವುದು, ಅದಕ್ಕಿರುವ ‘ಇಂಗಾಲ ತಟಸ್ಥ’ ಇಷ್ಟು ಕಾಡುವುದಿಲ್ಲ. ತಟಸ್ಥ ಅಂದರೆ ದಡದ ಮೇಲೆ ನಿಂತವನು. 2012ರಿಂದಲೇ ತಾನು ತಟಸ್ಥ ಎಂದು ಮೈಕ್ರೋಸಾಫ್ಟ್ ಹೇಳಿಕೊಳ್ಳುತ್ತಿತ್ತು. ತಾನು ಬಿಟ್ಟ ಹೊಗೆಗೆ ಬದಲಾಗಿ, ಬೇರೆಯವರಿಗೆ ದುಡ್ಡು ಕೊಟ್ಟು ‘ನೀವು ಮರ ಕಡಿಯಬೇಡಿ’ ಅಂದರೂ ಆ ಹೆಸರು ಸಿಗುತ್ತದೆ. ಹೊಳೆಗೆ ಇಳಿಯದೆ ದಡದಲ್ಲೇ ನಿಂತ ಹಾಗೆ. ಪದ ಇಷ್ಟು ಸರಿಯಾಗಿ ಕೂರುವುದು ಅಪರೂಪ!

‘ಇಂಗಾಲದ ಋಣ ತೀರಿಸುವ ಕಂಪನಿ’ ಎಂದು ತಿದ್ದಿ ನೋಡಿದೆ. ಅದೂ ಕೈಕೊಟ್ಟಿತು. ನಮ್ಮಲ್ಲಿ ಋಣಕ್ಕೆ ಭಾರ ಜಾಸ್ತಿ. ಅನ್ನದ ಋಣ, ಮಣ್ಣಿನ ಋಣ ಎಲ್ಲ ಜೊತೆಗೇ ಬರುತ್ತವೆ. ಶೀರ್ಷಿಕೆಗೆ ಅಂತ ‘ಋಣ ತೀರಿತು’ ಎಂದು ಮೊಟಕು ಮಾಡಿದರೆ ಕಂಪನಿಗೆ ಎಳ್ಳುನೀರು ಬಿಟ್ಟಂತೆ ಕೇಳುತ್ತದೆ.

ತಮಾಷೆ ಏನೆಂದರೆ, ಸದ್ಯಕ್ಕೆ ಅಪ್ಪ ಓದಿದ ಅರ್ಥವೇ ಸರಿ. 2024ರಲ್ಲಿ ಕಂಪನಿ ತಾನೇ ಒಪ್ಪಿಕೊಂಡ ಲೆಕ್ಕದಂತೆ, ಒಟ್ಟು ಹೊಗೆ 2020ಕ್ಕಿಂತ ಸುಮಾರು ಶೇ 29ರಷ್ಟು ಏರಿತ್ತು. ಕಾರಣ ಹೊಸ ಡೇಟಾ ಸೆಂಟರುಗಳು, ಅಂದರೆ ಕಂಪ್ಯೂಟರುಗಳನ್ನು ತುಂಬಿಟ್ಟ ದೊಡ್ಡ ಕಟ್ಟಡಗಳು. ಅವಕ್ಕೆ ಬೇಕಾದ ಸಿಮೆಂಟು, ಉಕ್ಕು, ಕಂಪ್ಯೂಟರ್ ಚಿಪ್ ಎಲ್ಲ ಬೇರೆಯವರ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಆ ಹೊಗೆ ‘ಸ್ಕೋಪ್ 3’ ಎಂಬ ಖಾತೆಗೆ ಹೋಗುತ್ತದೆ. ಕಂಪನಿಯ ಒಟ್ಟು ಹೊಗೆಯಲ್ಲಿ ಶೇ 96ಕ್ಕೂ ಜಾಸ್ತಿ ಇರುವುದು ಆ ಖಾತೆಯಲ್ಲೇ. (ಸ್ಕೋಪ್‌ಗೆ ‘ವ್ಯಾಪ್ತಿ’ ಅನ್ನುವವರಿದ್ದಾರೆ. ನನಗೇನೋ ‘ಖಾತೆ’ಯೇ ಹಿಡಿಸಿತು.) ಚುಕ್ತಾ ಮಾಡುತ್ತೇನೆ ಅಂದವನ ಬಾಕಿಯೇ ಬೆಳೆದಿದೆ.

ನಿಮ್ಮನ್ನು ಕೇಳಬೇಕಾದ್ದು ಇಷ್ಟು. ಗಿರಾಕಿ ಕೊಡಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟು, ಚಿಲ್ಲರೆ ಇಲ್ಲದೆ ಹೋದರೆ, ಅಪ್ಪ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಜಮಾ 40’ ಎಂದು ಬರೆಯುತ್ತಿದ್ದರು. ಹಾಗಾದರೆ ‘ಇಂಗಾಲ ಜಮಾ’ ಅನ್ನಬಹುದಾ? ನನ್ನ ಅನುಮಾನ, ಇಂಗಾಲವನ್ನೇ ಕೂಡಿಟ್ಟ ಹಾಗೆ ಕೇಳೀತು ಎಂದು. ‘ಇಂಗಾಲ ಕಳೆಯುವ ಕಂಪನಿ’ ಅನ್ನುವುದು ಸದ್ಯಕ್ಕೆ ನನ್ನ ಒಲವು, ಶಾಲೆಯ ಕಳೆಯುವ ಲೆಕ್ಕ ಎಲ್ಲರಿಗೂ ನೆನಪಿರುತ್ತದಲ್ಲ. ಬಾಕಿ ತೀರಿ ಮೇಲೆ ಉಳಿದ ದುಡ್ಡಿಗೆ ನಿಮ್ಮ ಕಡೆಯ ಅಂಗಡಿಗಳಲ್ಲಿ, ಅಡಿಕೆ ಮಂಡಿಗಳಲ್ಲಿ ಬೇರೆ ಮಾತೇನಾದರೂ ಇದೆಯಾ? ಇದ್ದರೆ ತಿಳಿಸಿ. ಕರಡು ಸೋಮವಾರ ಕೊಡಬೇಕು.