ತನಿಖಾಧಿಕಾರಿಯ ಮೇಲಿನ ದೂರನ್ನು ಅದೇ ಠಾಣೆ ವಿಚಾರಿಸಿದರೆ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಕಲಬುರಗಿಯಿಂದ

ನನ್ನ ತಮ್ಮ ಇಲ್ಲಿನ ಗಂಜಿನಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುತ್ತಿದ್ದ. ದೀಪಾವಳಿ ಮುಗಿದ ವಾರ ಗೋದಾಮಿನಿಂದ ತೊಗರಿ ಚೀಲಗಳು ಕಾಣೆಯಾದವು. ವಿಚಾರಿಸುವುದಿದೆ ಎಂದು ಠಾಣೆಗೆ ಕರೆದವರು ಎರಡು ರಾತ್ರಿ ಅಲ್ಲೇ ಕೂರಿಸಿಕೊಂಡರು. ಮೂರನೆಯ ದಿನ ನ್ಯಾಯಾಲಯಕ್ಕೆ ಕರೆದೊಯ್ದಾಗ ಕಾಗದದಲ್ಲಿ ಇದ್ದದ್ದು, ಅಂದು ಬೆಳಿಗ್ಗೆಯಷ್ಟೇ ಬಂಧಿಸಿದೆವು ಎಂದು. ಅವನ ಕೋಣೆಯಲ್ಲಿ ನಲವತ್ತು ಸಾವಿರ ರೂಪಾಯಿ ಸಿಕ್ಕಿತು ಎಂದು ಪಂಚನಾಮೆಯನ್ನೂ ಬರೆದಿದ್ದಾರೆ. ಆ ಕೋಣೆಗೆ ಬೀಗ ಹಾಕಿತ್ತು, ಇರುವ ಒಂದೇ ಕೀಲಿ ನನ್ನ ಹತ್ತಿರ ಇತ್ತು.

ಜಾಮೀನು ಸಿಕ್ಕಿ ತಮ್ಮ ಮನೆಯಲ್ಲಿದ್ದಾನೆ. ನಾನು ಮೇಲಧಿಕಾರಿಗಳಿಗೆ ನೋಂದಾಯಿತ ಅಂಚೆಯಲ್ಲಿ ದೂರು ಕಳಿಸಿದೆ. ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ದೂರಿನ ಬಗ್ಗೆ ಹೇಳಿಕೆ ಕೊಡಲು ಬರಬೇಕಂತೆ, ಅದೇ ಠಾಣೆಗೆ. ನೋಟಿಸಿನ ಕೆಳಗೆ ಇರುವ ಸಹಿ ನಾನು ದೂರಿದ ಅಧಿಕಾರಿಯದೇ.

ಇಲಾಖೆ ತನ್ನದೇ ತನಿಖಾಧಿಕಾರಿಯ ತಪ್ಪನ್ನು ಹೇಗೆ ವಿಚಾರಿಸಬೇಕು? ಬೇರೆಯವರಿಂದ ವಿಚಾರಣೆ ಮಾಡಿಸಿ ಎಂದು ಕೇಳುವ ಹಕ್ಕು ನಮಗಿದೆಯೇ? ಇಂತಹ ದಾರಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ. ನಾನು ಠಾಣೆಗೆ ಹೋಗಿಲ್ಲ. ಹೋಗಲು ಧೈರ್ಯವೂ ಇಲ್ಲ.

ಯಾದಗಿರಿಯಿಂದ, ನಿವೃತ್ತ ಹೆಡ್ ಕಾನ್‌ಸ್ಟೆಬಲ್

ತಂಗಿ, ನಾನು ಹನ್ನೊಂದು ವರ್ಷ ಠಾಣೆಯ ರೈಟರ್, ಅಂದರೆ ಕಾಗದಪತ್ರ ಬರೆಯುವವನು, ಆಗಿದ್ದವನು. ನಿಮ್ಮ ಕಾಗದ ಯಾವ ದಾರಿ ಹಿಡಿದು ಅಲ್ಲಿಗೆ ಬಂತು ಎಂಬುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಎಸ್‌ಪಿ ಕಚೇರಿಯಲ್ಲಿ ಅದಕ್ಕೊಂದು ನಂಬರು ಬೀಳುತ್ತದೆ, ‘ವಿಚಾರಣೆ ನಡೆಸಿ ವರದಿ ಸಲ್ಲಿಸಿ’ ಎಂಬ ಮುದ್ರೆ ಬೀಳುತ್ತದೆ. ಡಿವೈಎಸ್‌ಪಿ ಕಚೇರಿಯಲ್ಲಿ ಅದೇ ಮುದ್ರೆ, ಸರ್ಕಲ್ ಕಚೇರಿಯಲ್ಲೂ ಅದೇ. ಕೊನೆಗೆ ಠಾಣೆಯ ರೈಟರನ ಮೇಜಿಗೆ ಬರುತ್ತದೆ. ಯಾರ ಮೇಲೆ ದೂರು ಎಂದು ಮೇಲೆ ಯಾರೂ ಓದಿರುವುದಿಲ್ಲ. ‘ಆರೋಪದಲ್ಲಿ ಹುರುಳಿಲ್ಲ, ಅರ್ಜಿಯನ್ನು ವಿಲೇವಾರಿ ಮಾಡಬಹುದು’ ಎಂಬ ವರದಿಯನ್ನು ನನ್ನ ಕೈಯಾರೆ ಬರೆದಿದ್ದೇನೆ, ಒಂದಲ್ಲ ಹಲವು. ಅದು ತಪ್ಪು. ಇಂದು ನಿಮಗೆ ಉತ್ತರ ಬರೆಯುತ್ತಿರುವುದು ಅದರ ಭಾರದಿಂದಲೇ.

ವಿಚಾರಣೆಯನ್ನು ಯಾರು ಮಾಡುತ್ತಾರೆ ಎನ್ನುವುದಕ್ಕಿಂತ ಮೊದಲು ನೋಡಬೇಕಾದದ್ದು, ದಾಖಲೆ ಯಾರ ಕೈಯಲ್ಲಿದೆ ಎಂಬುದನ್ನು. ಪ್ರಾಮಾಣಿಕ ಅಧಿಕಾರಿ ಬಂದರೂ ಆ ಹೊತ್ತಿಗೆ ದಾಖಲೆ ಅಳಿದು ಹೋಗಿದ್ದರೆ ಅವರೇನು ಮಾಡಿಯಾರು? ಹಾಗಾಗಿ ಮೊದಲ ದಿನವೇ ಹೊರಗಿನವರೊಬ್ಬರು ಠಾಣೆಗೆ ಬಂದು ಇವುಗಳನ್ನು ವಶಕ್ಕೆ ತೆಗೆದುಕೊಳ್ಳಬೇಕು: ಠಾಣಾ ದಿನಚರಿ, ಪಹರೆ ಬದಲಾವಣೆಯ ಪುಸ್ತಕ, ಜೀಪಿನ ಲಾಗ್ ಪುಸ್ತಕ, ಸಿಬ್ಬಂದಿಯ ಡ್ಯೂಟಿ ಪಟ್ಟಿ, ಸಿಸಿಟಿವಿಯ ಹಾರ್ಡ್ ಡಿಸ್ಕ್. ನಿಮ್ಮ ತಮ್ಮನನ್ನು ಎರಡು ರಾತ್ರಿ ಇಟ್ಟುಕೊಂಡದ್ದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆದರೆ ಪಹರೆಯವನು ಯಾರು ಎಂದು ಬರೆದಿರುತ್ತದೆ. ಅವನನ್ನು ಅವನ ಮೇಲಧಿಕಾರಿ ಪಕ್ಕದಲ್ಲಿಲ್ಲದಾಗ ಕೇಳಬೇಕು. ಪಂಚನಾಮೆಗೆ ಹೋದೆವು ಎನ್ನುವ ಹೊತ್ತಿನಲ್ಲಿ ಜೀಪು ಎಲ್ಲಿತ್ತು, ಎಷ್ಟು ಕಿಲೋಮೀಟರ್ ಓಡಿತು ಎಂಬುದನ್ನು ಲಾಗ್ ಪುಸ್ತಕ ಹೇಳುತ್ತದೆ. ಪಂಚರ, ಅಂದರೆ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದವರ, ಮೊಬೈಲ್ ಆ ಗಂಟೆಯಲ್ಲಿ ಯಾವ ಟವರಿನ ಕೆಳಗಿತ್ತು ಎಂದು ಕಂಪನಿಯಿಂದ ತರಿಸಬಹುದು.

ಪಂಚರ ಹೆಸರನ್ನೂ ನೋಡಿ. ಕೆಲವು ಠಾಣೆಗಳಿಗೆ ಕಾಯಂ ಪಂಚರಿರುತ್ತಾರೆ, ಎದುರಿನ ಚಹಾ ಅಂಗಡಿಯವರು, ಹತ್ತಿರದ ಪಾನ್ ಡಬ್ಬಿಯವರು. ಅದೇ ಇಬ್ಬರು ಬೇರೆ ಪ್ರಕರಣಗಳಲ್ಲೂ ಸಹಿ ಹಾಕಿದ್ದರೆ ಅದೇ ಒಂದು ಸಾಕ್ಷ್ಯ.

ನಿಮ್ಮ ಹತ್ತಿರ ಇರುವ ಯಾವ ಮೂಲ ವಸ್ತುವನ್ನೂ ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ. ಮುಖ್ಯವಾಗಿ ಆ ಕೀಲಿ.

ಕಲಬುರಗಿಯಿಂದ, ವಕೀಲರು

ರೈಟರ್ ಸಾಹೇಬರು ಹೇಳಿದ್ದಕ್ಕೆ ಕಾನೂನಿನ ಆಧಾರ ಸೇರಿಸುತ್ತೇನೆ.

ಮೊದಲಿಗೆ ನೋಟಿಸಿನ ವಿಷಯ. ನೀವು ಮಹಿಳೆ. ಸಾಕ್ಷಿಯಾಗಿ ಹೇಳಿಕೆ ಕೊಡಲು ಮಹಿಳೆಯನ್ನು ಅವರ ಮನೆ ಬಿಟ್ಟು ಬೇರೆಡೆ ಬರುವಂತೆ ಪೊಲೀಸರು ಒತ್ತಾಯಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಅರ್ಜಿ ವಿಚಾರಣೆಗೂ ಅದೇ ರಕ್ಷಣೆ ಬೇಕೆಂದು ಬರೆದು ಕೇಳಿ. ದೂರಿಗೆ ಗುರಿಯಾದವರೇ ನೋಟಿಸ್ ಕೊಟ್ಟಿದ್ದಾರೆ ಎಂದು ಪ್ರತಿಯೊಂದಿಗೆ ಎಸ್‌ಪಿ ಅಥವಾ ಕಮಿಷನರ್, ಐಜಿಪಿ ಇಬ್ಬರಿಗೂ ತಿಳಿಸಿ. ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬುದು ಸಹಜ ನ್ಯಾಯದ ಮೊದಲ ಪಾಠ.

ಇನ್ನು ಪಂಚನಾಮೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಇದೇ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ಧ್ವನಿ ಸಹಿತ ವಿಡಿಯೊದಲ್ಲಿ ದಾಖಲಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ನಿಮ್ಮ ತಮ್ಮನ ಕೋಣೆಯ ಬೀಗ ತೆರೆದ ವಿಡಿಯೊ ಎಲ್ಲಿದೆ? ನ್ಯಾಯಾಲಯದ ಕಡತದಲ್ಲಿ ಅದು ಇದೆಯೇ ಎಂದು ಪ್ರಮಾಣಿತ ಪ್ರತಿಗೆ ಅರ್ಜಿ ಹಾಕಿ. ಇಲ್ಲದಿದ್ದರೆ, ಇಲ್ಲ ಎಂಬುದನ್ನೂ ಲಿಖಿತವಾಗಿ ಪಡೆಯಿರಿ.

ಸಿಸಿಟಿವಿ ಬಗ್ಗೆ ತುರ್ತು ಇದೆ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಉಳಿಸಿಕೊಳ್ಳಬೇಕು, ಅಷ್ಟು ಸಾಧ್ಯವಾಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇರಬಾರದು ಎಂದಿತು. ನಿಮ್ಮ ಘಟನೆಗೆ ಇನ್ನೂ ಕಾಲ ಮೀರಿಲ್ಲ. ಇಂದೇ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ನಾಳೆ ‘ಕ್ಯಾಮೆರಾ ಕೆಟ್ಟಿತ್ತು’ ಎಂದರೆ, ಕೆಟ್ಟಿದ್ದು ಯಾವಾಗ, ದುರಸ್ತಿಗೆ ಬರೆದ ಪತ್ರ ಎಲ್ಲಿ ಎಂದು ಕೇಳಬಹುದು.

ಹೊರಗಿನ ಬಾಗಿಲುಗಳೂ ಇವೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ, 2012ರ ತಿದ್ದುಪಡಿಯಿಂದ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಪೊಲೀಸ್ ದೂರು ಪ್ರಾಧಿಕಾರಕ್ಕೆ ಜಾಗ ಸಿಕ್ಕಿದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಿಂದ ಒಂದು ವರ್ಷದೊಳಗೆ ಹೋಗಬೇಕು, ಅದನ್ನು ಮರೆಯಬೇಡಿ. ಮ್ಯಾಜಿಸ್ಟ್ರೇಟರ ಮುಂದೆ 175(4)ನೇ ಕಲಮಿನ ಅಡಿ ಹೋದರೆ ಅವರು ಮೇಲಧಿಕಾರಿಯ ವರದಿ ತರಿಸಿಕೊಂಡು, ಆರೋಪಿತ ಅಧಿಕಾರಿಯ ಮಾತನ್ನೂ ಕೇಳಿ ತನಿಖೆಗೆ ಆದೇಶಿಸಬಹುದು. ಇವೆಲ್ಲ ಕೈಕೊಟ್ಟರೆ ನಮ್ಮಲ್ಲೇ ಉಚ್ಚ ನ್ಯಾಯಾಲಯದ ಪೀಠವಿದೆ, 2013ರಿಂದ ಕಾಯಂ. ತನಿಖೆಯನ್ನು ಸಿಐಡಿಗೆ ವರ್ಗಾಯಿಸಿ ಎಂದು ಕೇಳಲು ಬೆಂಗಳೂರಿಗೆ ಓಡಬೇಕಿಲ್ಲ.

ಚಿತ್ತಾಪುರದಿಂದ

ಅಕ್ಕಾ, ಇಲಾಖೆ ತನ್ನವರನ್ನು ಎಂದಿಗೂ ಹಿಡಿಯುವುದಿಲ್ಲ ಎಂದು ಎದೆಗುಂದಬೇಡಿ. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದವರಲ್ಲಿ ನಾನೂ ಒಬ್ಬ. ಅಕ್ರಮ ಹೊರಬಿದ್ದದ್ದು ನಮ್ಮ ಕಲಬುರಗಿಯಿಂದಲೇ. ತನಿಖೆ ಮಾಡಿದ್ದು ಪೊಲೀಸ್ ಇಲಾಖೆಯದೇ ಸಿಐಡಿ, 2022ರ ಜುಲೈನಲ್ಲಿ ಬಂಧಿಸಿದ್ದು ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನು. ನಾಲ್ಕು ವರ್ಷ ಓದಿದ ಪರೀಕ್ಷೆ ರದ್ದಾದಾಗ ನಾನು ಅತ್ತಿದ್ದೇನೆ. ಆದರೂ ಆ ಬಂಧನದ ಸುದ್ದಿ ಓದಿದ ದಿನ, ಕೆಳಗಿನವರನ್ನಷ್ಟೇ ಹಿಡಿದು ಕೈತೊಳೆದುಕೊಳ್ಳಲಿಲ್ಲವಲ್ಲ ಎಂದು ಸಮಾಧಾನವಾಯಿತು.

ಯಾದಗಿರಿಯ ನಿವೃತ್ತ ಹೆಡ್ ಕಾನ್‌ಸ್ಟೆಬಲ್

ಚಿತ್ತಾಪುರದ ತಮ್ಮ ಹೇಳಿದ್ದು ನಿಜ. ಆದರೆ ಅಲ್ಲಿ ದಾರಿ ತೆರೆದದ್ದು ಹೇಗೆ ಎಂದು ನೆನಪಿಸಿಕೊಳ್ಳಿ. ಉತ್ತರ ಗುರುತಿಸುವ ಒಎಂಆರ್ ಹಾಳೆಯ ಕಾರ್ಬನ್ ಪ್ರತಿ ಅಭ್ಯರ್ಥಿಗಳ ಕೈಯಲ್ಲೇ ಉಳಿದಿತ್ತು. ಒಳಗಿನ ಹಾಳೆಯನ್ನು ತಿದ್ದಬಹುದು, ಹೊರಗೆ ಹೋದ ಪ್ರತಿಯನ್ನು ತಿದ್ದಲಾಗದು. ನಾನು ಹೇಳುತ್ತಿರುವುದೂ ಅದನ್ನೇ.

ಬಸವಕಲ್ಯಾಣದಿಂದ

ನಮ್ಮ ಯಜಮಾನರ ವಿಷಯದಲ್ಲಿ ಹೀಗೆಯೇ ಆಗಿತ್ತು. ದೂರು ಕೊಟ್ಟ ಮೇಲೆ ಠಾಣೆಯಿಂದ ಯಾರೂ ಬರಲಿಲ್ಲ. ಬಂದವರು ನೆಂಟರು, ಗಲ್ಲಿಯ ಹಿರಿಯರು. ‘ಅವರ ಜೊತೆ ಹಗೆ ಬೇಡ, ರಾಜಿ ಮಾಡಿಕೊಳ್ಳಿ, ಕೇಸು ತೆಳ್ಳಗೆ ಮಾಡುತ್ತಾರಂತೆ’ ಎಂದು ಒಬ್ಬರ ಹಿಂದೆ ಒಬ್ಬರು. ಎಂಟು ತಿಂಗಳು ತಡೆದು ಕೊನೆಗೆ ನಾವು ದೂರು ಹಿಂಪಡೆದೆವು. ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ. ಯಾರು, ಯಾವ ದಿನ, ಏನು ಹೇಳಿ ಹೋದರು ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ನಾನು ಬರೆದಿಡಲಿಲ್ಲ. ದೂರುದಾರರನ್ನು ಕಾಯದ ವಿಚಾರಣೆಯಲ್ಲಿ ದೂರುದಾರರೇ ಮೊದಲು ಸೋಲುತ್ತಾರೆ.

ಬೀದರ್‌ನಿಂದ, ನಿವೃತ್ತ ತಹಸೀಲ್ದಾರರು

ನಾನು ಕಂದಾಯ ಇಲಾಖೆಯವನು. ವಿಚಾರಣಾಧಿಕಾರಿಯಾಗಿ ಹಲವು ಇಲಾಖಾ ವಿಚಾರಣೆಗಳನ್ನು ನಡೆಸಿದ್ದೇನೆ. ಇಲ್ಲಿ ಯಾರೂ ಹೇಳದ ಒಂದು ಮಾತು ಹೇಳಬೇಕಿದೆ: ಆರೋಪಿತ ಅಧಿಕಾರಿಗೂ ನ್ಯಾಯ ಸಿಗಬೇಕು. ಅದು ಅವರ ಮೇಲಿನ ಕರುಣೆಯಿಂದಲ್ಲ, ವಿಚಾರಣೆ ಕೊನೆಯವರೆಗೆ ನಿಲ್ಲಲಿ ಎಂದು. ‘ಕರ್ತವ್ಯಲೋಪ ಎಸಗಿದ್ದಾರೆ’ ಎಂಬ ಒಂದು ಸಾಲಿನ ಆರೋಪ ಪಟ್ಟಿ, ಪಾಟೀಸವಾಲಿಗೆ ಅವಕಾಶ ಕೊಡದ ವಿಚಾರಣೆ, ಕೇಳಿದ ದಾಖಲೆ ಒದಗಿಸದ ಆದೇಶ, ಇವನ್ನು ಹಿಡಿದು ಅವರು ಆಡಳಿತ ನ್ಯಾಯಮಂಡಳಿಗೆ ಹೋಗುತ್ತಾರೆ, ಗೆದ್ದು ಬರುತ್ತಾರೆ. ಆಮೇಲೆ ದೂರುದಾರರಿಗೆ ಉಳಿಯುವುದು ಬರೀ ಅಂಚೆಯ ರಸೀದಿ. ಆರೋಪ ಹೀಗಿರಬೇಕು: ಇಂತಹ ದಿನಾಂಕ, ಇಂತಹ ಗಂಟೆಗೆ ಠಾಣೆಯಲ್ಲಿದ್ದ ವ್ಯಕ್ತಿಯನ್ನು ಇಂತಹ ದಿನಾಂಕ ಬಂಧಿಸಿದಂತೆ ಸುಳ್ಳು ದಾಖಲೆ ಸೃಷ್ಟಿಸಿದ್ದಾರೆ. ಪ್ರತಿ ಮಾತಿಗೂ ಒಂದು ಸಾಕ್ಷಿ ಅಥವಾ ಒಂದು ಕಾಗದ.

ಇನ್ನೊಂದು. ಇಲಾಖಾ ವಿಚಾರಣೆಯೂ ಕ್ರಿಮಿನಲ್ ತನಿಖೆಯೂ ಬೇರೆ ಬೇರೆ. ಮೊದಲನೆಯದರಲ್ಲಿ ಸಂಭವನೀಯತೆ ಯಾವ ಕಡೆ ಹೆಚ್ಚು ಎಂದು ತೂಗಿದರೆ ಸಾಕು, ಎರಡನೆಯದರಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾಗಬೇಕು. ನ್ಯಾಯಾಲಯದಲ್ಲಿ ಖುಲಾಸೆಯಾದ ಮಾತ್ರಕ್ಕೆ ಇಲಾಖೆಯ ಕಡತ ತಾನಾಗಿ ಮುಚ್ಚಬೇಕಿಲ್ಲ. ಎರಡನ್ನೂ ಒಬ್ಬರ ಕೈಗೇ ಕೊಡಬಾರದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಎರಡು ಕಡತಗಳನ್ನು ಕಲಸಿದರೆ ಆ ತಕರಾರು ಏಳುವುದು ಖಚಿತ.

ಅಮಾನತಿಗೆ ಎಲ್ಲರೂ ಕೂಗುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಮುಖ್ಯವಾದದ್ದು ವಿಚಾರಣೆ ಮುಗಿಯುವವರೆಗೆ ಆ ಅಧಿಕಾರಿ ಅದೇ ಕುರ್ಚಿಯಲ್ಲಿ ಇರದಂತೆ ನೋಡಿಕೊಳ್ಳುವುದು. ಅವರು ಅಲ್ಲಿದ್ದರೆ ಪಹರೆಯವನು ಬಾಯಿ ಬಿಡುವುದಿಲ್ಲ.

ಕಲಬುರಗಿಯಿಂದ, ಕಾನೂನು ಅಧ್ಯಾಪಕರು

ಅಮೆರಿಕದ ನ್ಯಾಯ ಇಲಾಖೆಯ ಒಂದು ಪ್ರಕರಣವನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಅಲಾಸ್ಕಾದ ಸೆನೆಟರ್ ಟೆಡ್ ಸ್ಟೀವನ್ಸ್ ಅವರನ್ನು 2008ರ ಅಕ್ಟೋಬರ್‌ನಲ್ಲಿ ತಪ್ಪಿತಸ್ಥರೆಂದು ಘೋಷಿಸಲಾಯಿತು, ಕೆಲವೇ ದಿನಗಳಲ್ಲಿ ಅವರು ಚುನಾವಣೆಯಲ್ಲಿ ಸೋತರು. ಆಮೇಲೆ ತಿಳಿದದ್ದು, ಅವರಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಸರ್ಕಾರಿ ವಕೀಲರು ಮುಚ್ಚಿಟ್ಟಿದ್ದರು ಎಂದು. ತನಿಖಾ ತಂಡದಲ್ಲಿದ್ದ ಎಫ್‌ಬಿಐ ಅಧಿಕಾರಿಯೊಬ್ಬರೇ ತಂಡದ ನಡತೆಯ ಬಗ್ಗೆ ದೂರು ಕೊಟ್ಟಿದ್ದರು. 2009ರ ಏಪ್ರಿಲ್‌ನಲ್ಲಿ ಪ್ರಕರಣವೇ ವಜಾ ಆಯಿತು.

ಆ ಇಲಾಖೆಗೆ ತನ್ನ ವಕೀಲರ ನಡತೆಯನ್ನು ವಿಚಾರಿಸುವ ಒಳಕಚೇರಿ 1975ರಿಂದಲೂ ಇದೆ, ವಾಟರ್‌ಗೇಟ್ ಹಗರಣದ ನಂತರ ಹುಟ್ಟಿದ್ದು. ಆದರೂ ನ್ಯಾಯಾಧೀಶ ಎಮ್ಮೆಟ್ ಸಲ್ಲಿವನ್ ಅದೊಂದನ್ನೇ ನಂಬಿ ಕೂರಲಿಲ್ಲ. ಹೊರಗಿನ ವಕೀಲ ಹೆನ್ರಿ ಶುಲ್ಕೆ ಅವರನ್ನು ತನಿಖೆಗೆ ನೇಮಿಸಿದರು. ಐನೂರಕ್ಕೂ ಹೆಚ್ಚು ಪುಟಗಳ ಆ ವರದಿ 2012ರ ಮಾರ್ಚ್‌ನಲ್ಲಿ ಸಾರ್ವಜನಿಕರ ಮುಂದೆ ಬಂತು. ಅದನ್ನು ಓದಲು ಸ್ಟೀವನ್ಸ್ ಇರಲಿಲ್ಲ, 2010ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಹೊರಗಿನವರಿಂದ ತನಿಖೆ, ವರದಿಯ ಪ್ರಕಟಣೆ, ಎರಡೂ ಆದವು. ಸಮಯಕ್ಕೆ ಸರಿಯಾಗಿ ಆಗಲಿಲ್ಲ.

ನಮ್ಮಲ್ಲಿಯೂ ಇದೆ. 2015ರಲ್ಲಿ ಲೋಕಾಯುಕ್ತ ಕಚೇರಿಯೊಳಗೇ ಹಣದ ಬೇಡಿಕೆಯ ಆರೋಪ ಎದ್ದಾಗ ವಿಶೇಷ ತನಿಖಾ ತಂಡ ರಚಿಸಬೇಕಾಯಿತು, ಅದು ಲೋಕಾಯುಕ್ತರ ಮಗನನ್ನೇ ಬಂಧಿಸಿತು, ವರ್ಷದ ಕೊನೆಗೆ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಮರುವರ್ಷ ಸರ್ಕಾರ ಎಸಿಬಿ ಎಂಬ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿತು. 2022ರ ಆಗಸ್ಟ್ 11ರಂದು ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ ತನಿಖೆಯ ಅಧಿಕಾರವನ್ನು ಲೋಕಾಯುಕ್ತಕ್ಕೇ ಮರಳಿಸಿತು. ಆಳುವವರ ಅಂಕೆಯಲ್ಲಿರುವ ತನಿಖೆಯನ್ನು ಜನ ನಂಬುವುದು ಹೇಗೆ? ನಿಮ್ಮ ನೋಟಿಸಿನ ಕೆಳಗಿರುವ ಸಹಿಯನ್ನು ನೋಡಿದಾಗಲೂ ಇದೇ ಪ್ರಶ್ನೆ ಏಳುತ್ತದೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ವಕೀಲ ಸರ್ ಹೇಳಿದಂತೆ ಇಬ್ಬರು ಅಧಿಕಾರಿಗಳಿಗೂ ಬರೆದೆ, ಸಿಸಿಟಿವಿ ದೃಶ್ಯ ಕಾಯ್ದಿಡುವಂತೆ ಕೊಟ್ಟ ಅರ್ಜಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮಾನವ ಹಕ್ಕುಗಳ ಆಯೋಗಕ್ಕೂ ಪತ್ರ ಹೋಗಿದೆ. ಜಪ್ತಿಯ ವಿಡಿಯೊ ನ್ಯಾಯಾಲಯದ ಕಡತದಲ್ಲಿ ಇಲ್ಲ ಎಂದು ಹಿಂಬರಹ ಬಂದಿದೆ. ಬಸವಕಲ್ಯಾಣದ ಅಕ್ಕಾ, ನೋಟ್‌ಪುಸ್ತಕದಲ್ಲಿ ಆಗಲೇ ನಾಲ್ಕು ಹೆಸರು ಬರೆದಿದ್ದೇನೆ, ಅದರಲ್ಲಿ ಒಬ್ಬರು ನನ್ನ ಸೋದರಮಾವ.

ಹಳೆಯ ನೋಟಿಸನ್ನು ಹಿಂಪಡೆದು ಬೇರೆ ಉಪವಿಭಾಗದ ಡಿವೈಎಸ್‌ಪಿಗೆ ವಿಚಾರಣೆ ವಹಿಸಿದ್ದಾರೆ. ಅವರು ಮಹಿಳಾ ಸಿಬ್ಬಂದಿಯೊಂದಿಗೆ ನಿನ್ನೆ ಮನೆಗೇ ಬಂದಿದ್ದರು. ಎರಡು ಗಂಟೆ ಕೂತು ಬರೆದುಕೊಂಡರು, ಬರೆದದ್ದನ್ನು ಓದಿ ಹೇಳಿದ ಮೇಲೆ ಸಹಿ ಕೇಳಿದರು. ತಮ್ಮನ ಕೋಣೆಯ ಬೀಗವನ್ನೂ ನೋಡಿದರು. ಎದ್ದು ಹೊರಡುವಾಗ ಕೀಲಿ ಬೇಕೆಂದರು. ರಸೀದಿ ಕೊಟ್ಟರೆ ಕೊಡುತ್ತೇನೆ ಎಂದೆ, ಹೇಳುವಾಗ ಧ್ವನಿ ನಡುಗಿತು. ಅವರು ಮತ್ತೆ ಕೂತು, ಬೀಗದ ಕಂಪನಿಯ ಹೆಸರು, ಕೀಲಿಯ ಮೇಲಿನ ನಂಬರು ಸಹಿತ ಬರೆದುಕೊಟ್ಟರು.