ಜಪಾನಿನ ಬ್ಯಾಂಡ್‌ಗಳನ್ನು ಎದುರಿಗೇ ಕೇಳಬೇಕು ಅನ್ನುವವರಿಗೆ: ಹೋಗಿ ಬಂದವರ ಅನುಭವ

ಮೈಸೂರಿನಿಂದ ಒಬ್ಬರು ಕೇಳಿದ್ದು: ಅನಿಮೆ ಹಾಡುಗಳಿಂದ ಶುರುವಾಯಿತು. ಈಗ ಜಪಾನಿ ರಾಕ್ ಬಿಟ್ಟು ಬೇರೆ ಕಿವಿಗೆ ಹತ್ತುವುದೇ ಇಲ್ಲ. ಮುಂದಿನ ವರ್ಷ ಅಲ್ಲಿಗೇ ಹೋಗಿ ಒಂದೆರಡು ಕಾನ್ಸರ್ಟ್ ನೋಡುವ ಆಸೆ. ಭಾಷೆ ಬರುವುದಿಲ್ಲ. ಟಿಕೆಟ್ ಹೇಗೆ ಸಿಗುತ್ತದೆ? ಒಳಗೆ ಹೇಗಿರಬೇಕು?

ಟೋಕಿಯೋದಲ್ಲಿ ಕೆಲಸ ಮಾಡುವ ಹಾಸನದವರು: ದೊಡ್ಡ ಹೆಸರಿನವರ ಟಿಕೆಟ್ ಇಲ್ಲಿ ಲಾಟರಿ ಲೆಕ್ಕ, ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದ ಹಾಗೆ. ಮೊದಲ ಸುತ್ತು ಫ್ಯಾನ್ ಕ್ಲಬ್ ಸದಸ್ಯರಿಗೆ. ಆಮೇಲೆ ಈ-ಪ್ಲಸ್, ಟಿಕೆಟ್ ಪಿಯಾ, ಲಾಸನ್ ಟಿಕೆಟ್ ಥರದ ಟಿಕೆಟ್ ಮಾರುವವರ ಕಡೆ ಇನ್ನೊಂದೆರಡು ಸುತ್ತು. ಮಿಕ್ಕಿದ್ದಷ್ಟೇ ಕೊನೆಗೆ ಎಲ್ಲರಿಗೂ. ಕಾರ್ಯಕ್ರಮಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಶುರುವಾಗಿರುತ್ತದೆ. ಅದಕ್ಕೇ ಹೇಳುವುದು, ಕಾನ್ಸರ್ಟ್ ಟಿಕೆಟ್ ಕೈಗೆ ಬಂದ ಮೇಲೆ ವಿಮಾನದ ಟಿಕೆಟ್. ಬೆಂಗಳೂರಿನಿಂದ ಟೋಕಿಯೋದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇದೆ, ಆ ಭಾಗ ಸುಲಭ.

ಕಷ್ಟ ಇರುವುದು ಖಾತೆ ತೆರೆಯುವುದರಲ್ಲಿ. ಬಹಳ ಕಡೆ ಜಪಾನಿನ ಫೋನ್ ನಂಬರ್ ಕೇಳುತ್ತಾರೆ. ಪ್ರವಾಸಿಗರ ಸಿಮ್‌ಗಳಲ್ಲಿ ಸಾಮಾನ್ಯವಾಗಿ ಡೇಟಾ ಮಾತ್ರ ಇರುತ್ತದೆ, ಅದರಿಂದ ಕೆಲಸ ಆಗುವುದಿಲ್ಲ. ಲಾಟರಿ ಹೊಡೆದರೂ ಹೇಳಿದ ದಿನದೊಳಗೆ ದುಡ್ಡು ಕಟ್ಟದಿದ್ದರೆ ಟಿಕೆಟ್ ಹೋಯಿತು. ಎಷ್ಟೋ ಸಲ ಕಟ್ಟುವುದೂ, ಟಿಕೆಟ್ ಪ್ರಿಂಟ್ ತೆಗೆಯುವುದೂ ಲಾಸನ್, ಫ್ಯಾಮಿಲಿಮಾರ್ಟ್‌ನಂಥ ಅಂಗಡಿಯಲ್ಲೇ. ಜಪಾನಿನಲ್ಲಿ ನಂಬಿಕಸ್ಥ ಗೆಳೆಯರಿದ್ದರೆ ನಿಯಮ ಓದಿಕೊಂಡು ಅವರ ಜೊತೆಗಾರರಾಗಿ ಹೆಸರು ಕೊಡಿ. ಯಾರೂ ಇಲ್ಲವೆಂದರೆ ಹೊರದೇಶದವರಿಗೆಂದೇ ಇಂಗ್ಲಿಷಿನಲ್ಲಿ ಮಾರುವ ಟಿಕೆಟ್ ಹುಡುಕಿ. ಈ-ಪ್ಲಸ್‌ನವರ ಹತ್ತಿರ ಅಂಥದ್ದು ಇದೆ. ಎಲ್ಲ ಬ್ಯಾಂಡೂ ಅಲ್ಲಿ ಸಿಗುವುದಿಲ್ಲ, ಆದರೆ ನಿಮ್ಮ ಕಾರ್ಡ್ ನಡೆಯುವ ಸಾಧ್ಯತೆ ಅಲ್ಲೇ ಜಾಸ್ತಿ.

ಒಬ್ಬರು ಸೇರಿಸಿದ್ದು: ಹೆಸರಿನ ವಿಚಾರ ಹಗುರ ಮಾಡಬೇಡಿ. ಅರ್ಜಿಯಲ್ಲಿ ಮನೆತನದ ಹೆಸರಿಗೆ ಒಂದು ಖಾನೆ, ಸ್ವಂತ ಹೆಸರಿಗೆ ಇನ್ನೊಂದು. ಎರಡನ್ನೂ ಕತಕಾನದಲ್ಲೂ, ಅಂದರೆ ಹೊರದೇಶದ ಹೆಸರು ಬರೆಯುವ ಜಪಾನಿ ಲಿಪಿಯಲ್ಲೂ, ತುಂಬಬೇಕು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರೇ ಹೆಚ್ಚು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರೂ ಇದ್ದಾರೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಎರಡು ಭಾಗ ಮಾಡಿ, ಕತಕಾನ ಒಂದು ಸಲ ಸರಿಯಾಗಿ ಬರೆಸಿಟ್ಟುಕೊಂಡು, ಎಲ್ಲ ಕಡೆಯೂ ಅದನ್ನೇ ತುಂಬಿ. ಬಾಗಿಲಲ್ಲಿ ಗುರುತಿನ ಚೀಟಿ ನೋಡುವ ಕಾರ್ಯಕ್ರಮಗಳಲ್ಲಿ ಇದೇ ನಿಮ್ಮನ್ನು ಒಳಗೆ ಬಿಡುವುದು. ಬ್ಲ್ಯಾಕ್ ಟಿಕೆಟ್ ಕಡೆಗೆ ತಲೆ ಹಾಕಲೇಬೇಡಿ. ಹೆಚ್ಚು ಬೆಲೆಗೆ ಟಿಕೆಟ್ ಮರುಮಾರಾಟ ಮಾಡುವ ದಂಧೆಯ ವಿರುದ್ಧ 2019ರ ಜೂನ್‌ನಿಂದ ಅಲ್ಲಿ ಕಾನೂನಿದೆ. ಬರಲಾಗದವರು ಮೂಲ ಬೆಲೆಗೇ ಬಿಟ್ಟುಕೊಡುವ ಅಧಿಕೃತ ಮರುಮಾರಾಟ ಇರುತ್ತದೆ, ಅದನ್ನು ದಿನಾ ನೋಡುತ್ತಿರಿ.

ಓಸಾಕಾದಲ್ಲಿ ಓದಿದ ಧಾರವಾಡದವರು: ಎಲ್ಲರೂ ಬುಡೋಕಾನ್, ಟೋಕಿಯೋ ಡೋಮ್ ಥರದ ದೊಡ್ಡ ಜಾಗಗಳ ಹೆಸರು ಹೇಳುತ್ತಾರೆ. ನಾನು ಹೇಳುವುದು ಲೈವ್ ಹೌಸ್‌ಗೆ, ಅಂದರೆ ಬ್ಯಾಂಡ್‌ಗಳು ನುಡಿಸುವ ಸಣ್ಣ ಹಾಲ್‌ಗೆ, ಹೋಗಿ ಅಂತ. ನಿಮ್ಮ ಹುಚ್ಚು ರಾಕ್ ಆದರೆ ಅದರ ಬೇರು ಇರುವುದೇ ಅಲ್ಲಿ. ಟೋಕಿಯೋದ ಶಿಮೊಕಿತಝಾವಾ ಅನ್ನುವ ಬಡಾವಣೆಯಲ್ಲಿ ನೆಲಮಾಳಿಗೆಯ ಪುಟ್ಟ ಪುಟ್ಟ ಲೈವ್ ಹೌಸ್‌ಗಳು ಸಾಲಾಗಿವೆ. ಒಂದೇ ಸಂಜೆ ಮೂರ್ನಾಲ್ಕು ಬ್ಯಾಂಡ್ ನುಡಿಸುತ್ತವೆ. ಎಷ್ಟೋ ಸಲ ಲಾಟರಿಯ ಗೋಜೇ ಇಲ್ಲ, ಬಾಗಿಲಲ್ಲೇ ಟಿಕೆಟ್ ಕೊಡುತ್ತಾರೆ.

ಅಲ್ಲಿ ಟಿಕೆಟ್ ಜೊತೆಗೆ ಒಂದು ಡ್ರಿಂಕ್‌ಗೆ ಬೇರೆ ದುಡ್ಡು ಕಡ್ಡಾಯ, ಈಗ ಸಾಮಾನ್ಯವಾಗಿ 600 ಯೆನ್. ಲೈವ್ ಹೌಸ್‌ಗಳು ಹೋಟೆಲಿನ ಹಾಗೆ ತಿಂಡಿ-ಪಾನೀಯದ ಪರವಾನಗಿಯಲ್ಲಿ ನಡೆಯುವುದರಿಂದ ಈ ಪದ್ಧತಿ. ಚಿಲ್ಲರೆ ಇಟ್ಟುಕೊಳ್ಳಿ, ನೀರೂ ಜ್ಯೂಸೂ ಸಿಗುತ್ತದೆ. ಬಾಗಿಲಲ್ಲಿ ‘ಯಾವ ಬ್ಯಾಂಡ್ ನೋಡಲು ಬಂದಿರಿ?’ ಅಂತ ಕೇಳಿ ಗುರುತು ಹಾಕಿಕೊಳ್ಳುತ್ತಾರೆ. ಇದು ಸುಮ್ನೆ ಕೇಳುವುದಲ್ಲ. ಸಣ್ಣ ಬ್ಯಾಂಡ್‌ಗಳಿಗೆ ಇಷ್ಟು ಟಿಕೆಟ್ ಮಾರಬೇಕು ಅನ್ನುವ ಕಟ್ಟಳೆ ಇರುತ್ತದೆ, ಕಡಿಮೆ ಬಿದ್ದರೆ ತಮ್ಮ ಜೇಬಿನಿಂದ ತುಂಬಬೇಕು. ನೀವು ಹೇಳುವ ಹೆಸರು ಅವರ ಲೆಕ್ಕಕ್ಕೆ ಸೇರುತ್ತದೆ. ದಯವಿಟ್ಟು ಹೆಸರು ಸರಿಯಾಗಿ ಹೇಳಿ.

ಮುಗಿದ ಮೇಲೆ ಅದೇ ಹುಡುಗರು, ಹುಡುಗಿಯರು ಬೆವರು ಒರೆಸಿಕೊಳ್ಳುತ್ತಾ ಬಂದು ಮೇಜು ಹಾಕಿ ಸಿಡಿ, ಟೀ ಶರ್ಟ್ ಮಾರುತ್ತಾರೆ. ಒಂದು ಸಿಡಿ ಕೊಳ್ಳಿ. ಬಂದ ಊರು ಹೇಳಿ. ಭಾಷೆ ಬಾರದಿದ್ದರೂ ಆ ಮೇಜಿನ ಮುಂದೆ ಮಾತು ಹುಟ್ಟುತ್ತದೆ.

ಮತ್ತೊಬ್ಬರು: ನಿಂತು ನೋಡುವ ಹಾಲ್‌ಗಳಲ್ಲಿ ಟಿಕೆಟಿನ ನಂಬರ್ ಪ್ರಕಾರ ಕೂಗಿ ಒಳಗೆ ಬಿಡುತ್ತಾರೆ, ಕೂಗುವುದು ಜಪಾನಿಯಲ್ಲೇ. ಒಂದರಿಂದ ಸಾವಿರದ ತನಕ ಎಣಿಸಲು ಕಲಿತು ಹೋಗಿ, ಬೇರೆ ಭಾಷೆ ಬಾರದಿದ್ದರೂ ನಡೆಯುತ್ತದೆ. ಚೀಲ ಲಾಕರ್‌ನಲ್ಲಿಡಿ. ಫೋನ್ ಎತ್ತಬೇಡಿ. ತೆಗೆಯಬಹುದು ಅಂತ ಅವರೇ ಹೇಳುವ ತನಕ ಫೋಟೋ, ವೀಡಿಯೋ ಎರಡೂ ಇಲ್ಲ. ಗಾಯಕರು ಮಾತಾಡುವಾಗ ಸಾವಿರಾರು ಜನ ಗಪ್‌ಚುಪ್ ಕೇಳುತ್ತಾರೆ. ನನಗೆ ಅದು ಬಹಳ ಹಿಡಿಸಿತು. ಪಾಪ್ ಕಾರ್ಯಕ್ರಮವಾದರೆ ಹಾಡಿಗೆ ಬೀಸುವ ಪೆನ್‌ಲೈಟ್ ಕೊಳ್ಳಿ, ರಾಕ್ ಆದರೆ ಕುತ್ತಿಗೆಗೆ ಟವೆಲ್.

ಫುಜಿ ರಾಕ್‌ಗೆ ಹೋಗಿದ್ದವರು: ಲಾಟರಿ ಬೇಡ ಅನ್ನುವವರು ಫೆಸ್ಟಿವಲ್ ನೋಡಿ. ಫುಜಿ ರಾಕ್ ಜುಲೈ ಕೊನೆಗೆ, ನೀಗಾತಾದ ನಾಯೆಬಾ ಸ್ಕೀ ರೆಸಾರ್ಟಿನಲ್ಲಿ. ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎಚಿಗೊ-ಯುಝಾವಾ ನಿಲ್ದಾಣ, ಅಲ್ಲಿಂದ ಬಸ್ಸು. ವಿದೇಶಿಯರಿಗೂ ಟಿಕೆಟ್ ಸಿಗುತ್ತದೆ. ನಮ್ಮ ದೆಹಲಿಯ ಮೆಟಲ್ ಬ್ಯಾಂಡ್ ಬ್ಲಡಿವುಡ್ 2022ರಲ್ಲಿ ಅಲ್ಲಿ ನುಡಿಸಿದ್ದರು, ಆಮೇಲೆ ಜಪಾನಿನ ಬೇಬಿಮೆಟಲ್ ತಂಡದ ಜೊತೆ ಹಾಡನ್ನೂ ಮಾಡಿದರು! ಮಲೆನಾಡಿನ ಮಳೆ ಕಂಡವರಿಗೆ ಅಲ್ಲಿನ ಮಳೆ ಹೊಸದಲ್ಲ, ಆದರೆ ಕೊಡೆ ಬಿಡಿಸಿದರೆ ಹಿಂದಿನವರಿಗೆ ಕಾಣುವುದಿಲ್ಲ. ರೇನ್‌ಕೋಟ್, ಗಟ್ಟಿ ಶೂ ಒಯ್ಯಿರಿ. ಒಂದೇ ವಾರಾಂತ್ಯದಲ್ಲಿ ಹತ್ತಾರು ಜಪಾನಿ ಬ್ಯಾಂಡ್ ಸಿಗುತ್ತವೆ.

ಕೇಳಿದವರು ಮತ್ತೆ: ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಜಪಾನ್ ಈ ಸಲ ಆಗದೇ ಹೋದರೆ?

ಹಾಸನದವರು: ಸಿಂಗಾಪುರ, ಬ್ಯಾಂಕಾಕ್ ನೋಡುತ್ತಿರಿ. ಯೋಅಸೋಬಿ, ಅಡೋ ಥರದ ಜಪಾನಿ ಕಲಾವಿದರು ಈಗ ಏಷ್ಯಾ ಪ್ರವಾಸ ಮಾಡುತ್ತಾರೆ. ಅಲ್ಲಿ ನಮ್ಮ ಕಾರ್ಡ್, ನಮ್ಮ ನಂಬರ್‌ನಲ್ಲೇ ಟಿಕೆಟ್ ಆಗುವ ಸಾಧ್ಯತೆ ಹೆಚ್ಚು. ಬ್ಯಾಂಡಿನ ಇಂಗ್ಲಿಷ್ ಖಾತೆಗಳ ನೋಟಿಫಿಕೇಷನ್ ಇವತ್ತೇ ಆನ್ ಮಾಡಿ. ಯಾವ ಬ್ಯಾಂಡ್ ಅಂತ ಇಲ್ಲೇ ಬರೆಯಿರಿ, ಅದರ ಫ್ಯಾನ್ ಕ್ಲಬ್ ಹೊರದೇಶದವರನ್ನು ಸೇರಿಸಿಕೊಳ್ಳುತ್ತದಾ ಅಂತ ನೋಡಿ ಹೇಳುತ್ತೇನೆ.