ಅಪ್‌ಡೇಟ್: ತಂಗಿ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ

ಎಲ್ಲರಿಗೂ ನಮಸ್ಕಾರ. ಸಿರುಗುಪ್ಪ ಕಡೆಯ ನಮ್ಮ ಚಿಕ್ಕಪ್ಪನ ಮಗಳು ಬಿ.ಎ. ಅರ್ಧಕ್ಕೆ ಬಿಟ್ಟಿದ್ದಾಳೆ, ಸ್ಕಾಲರ್‌ಶಿಪ್ ಬಂದಿಲ್ಲ, ಮನೆಯಲ್ಲಿ ಮದುವೆ ಮಾತು ನಡೀತಿದೆ, ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ನಾವು ವಾಲ್ಮೀಕಿ ನಾಯಕರು, ಎಸ್‌ಟಿ.

ನಿಮ್ಮಲ್ಲೊಬ್ಬರು ಹೇಳಿದಂತೆ ಮೊದಲು ಬ್ಯಾಂಕಿಗೆ ಹೋದೆವು. ಖಾತೆಗೆ ಆಧಾರ್ ಇತ್ತು, ಆದರೆ ಎನ್‌ಪಿಸಿಐ ಸೀಡಿಂಗ್ (ಸರ್ಕಾರದ ದುಡ್ಡು ಈ ಖಾತೆಗೇ ಬರಲಿ ಅಂತ ಆಧಾರ್‌ಗೆ ಜೋಡಿಸೋದು) ಆಗಿರಲಿಲ್ಲ. ಅದಿಲ್ಲದೆ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ದುಡ್ಡು ಬರೋದೇ ಇಲ್ಲ. ಜೊತೆಗೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ! ಇಷ್ಟಕ್ಕೇ ಒಂದು ಹುಡುಗಿಯ ಓದು ನಿಲ್ಲಬೇಕಾ? ಎರಡೂ ಸರಿಯಾದವು, ದುಡ್ಡು ಬಂತು.

ಚಿಕ್ಕಪ್ಪನನ್ನು ಒಪ್ಪಿಸೋದೇ ಜಾಸ್ತಿ ಕಷ್ಟವಾಯಿತು. ಮೆಣಸಿನಕಾಯಿ ಬಿಡಿಸೋ ಕಾಲ, ಮನೆಯಲ್ಲಿ ಆಳು ಬೇಕು. 2022ರಲ್ಲಿ ರಾಜ್ಯದಲ್ಲಿ ಎಸ್‌ಟಿ ಮೀಸಲಾತಿ ಶೇ. 3ರಿಂದ 7ಕ್ಕೆ ಏರಿದೆ, ಸಂವಿಧಾನದ 371ಜೆ ವಿಧಿ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸೀಟು, ಕೆಲಸ ಎರಡರಲ್ಲೂ ಪಾಲಿದೆ ಅಂತ ಕೂರಿಸಿಕೊಂಡು ಹೇಳಿದೆ. ಅವರು ಕೇಳಿದ್ದು ಒಂದೇ: "ಸಂಜೆ ಹೆಂಗ ಬರ್ತಾಳ?" ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ಕೊನೇ ಕ್ಲಾಸು ಮುಗಿಯೋ ಹೊತ್ತಿಗೆ ನಮ್ಮೂರಿನ ಬಸ್ಸೇ ಇರೋದಿಲ್ಲ. ನನ್ನ ಪ್ರಕಾರ ನಮ್ಮ ಹೆಣ್ಣುಮಕ್ಕಳು ಕಾಲೇಜು ಸೇರಿದರೂ ಉಳಿಯದಿರೋದು ಇಂಥದ್ದರಿಂದಲೇ.

ಕೊನೆಗೆ ಮೆಟ್ರಿಕ್ ನಂತರದ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿತು. ಮದುವೆ ಮಾತು ಡಿಗ್ರಿ ಮುಗಿಯುವವರೆಗೆ ಇಲ್ಲ. ಬಿ.ಇಡಿ. ಮಾಡ್ತೀನಿ ಅಂತಿದ್ದಾಳೆ. ಊರಿನ ಉಳಿದ ಹುಡುಗಿಯರಿಗಾಗಿ ಸಂಜೆ ಬಸ್ಸು ಬಿಡಿ ಅಂತ ಡಿಪೋಗೆ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.